ಕಾಲರಿನಿಂದ ಎರಡು ಬೆರಳು ಮೇಲೆ

ಅಳತೆಗೋಲು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.
ಮರದ್ದು. ಹನ್ನೆರಡು ಇಂಚು. ಮೊದಲ ಇಂಚು ಸವೆದು ಬಿಳಿಚಿದೆ,
ಅಲ್ಲೇ ತಾನೆ ಸಿಸ್ಟರ್ ಲುಡ್ಮಿಲಾ ಹೆಬ್ಬೆರಳೂರಿ
ಹುಡುಗರ ಕತ್ತಿನ ಹಿಂದೆ ನಿಲ್ಲುತ್ತಿದ್ದದ್ದು.
ಕಾಲರಿನಿಂದ ಎರಡು ಬೆರಳು ಮೇಲೆ.
ಕಿವಿಯ ಅಂಚು ಕಾಣಬೇಕು.
ಹುಬ್ಬಿಗೆ ತಾಗಿದರೆ
ಎದುರು ರಸ್ತೆಯಲ್ಲಿ ಝಿಗ್ಮಂಟನ ಕುರ್ಚಿ,
ಬಿಲ್ಲು ಅಪ್ಪನಿಗೆ.

ಆಗ ನಾವು ಏಳುನೂರ ಹನ್ನೆರಡು ಮಕ್ಕಳು.
ಉಕ್ಕಿನ ಕಾರ್ಖಾನೆಗೆ ಮೂರು ಪಾಳಿ, ಚರ್ಚಿಗೆ ಭಾನುವಾರ ಐದು ಪೂಜೆ,
ಈರಿ ಸರೋವರದ ಗಾಳಿಗೆ ಕೆಂಪಾದ ಕಿವಿಗಳು,
ಒಂದೊಂದು ಬೆಂಚಿಗೆ ನಾಲ್ವರು ಕೊವಾಲ್ಚಿಕ್‌ಗಳು.
ಹಿಂದಿನ ಸಾಲಿನಿಂದ ನೋಡಿದರೆ
ಕೊಯ್ದು ಕೂಳೆ ಬಿಟ್ಟ ಗೋಧಿ ಹೊಲ.

ಹೋದ ಶರತ್ಕಾಲಕ್ಕೆ ಅರವತ್ತೊಂದು.
ಕಾರ್ಖಾನೆ ತುಕ್ಕು ತಿಂದು ಕೂತಿದೆ,
ಝಿಗ್ಮಂಟನ ಅಂಗಡಿಯಲ್ಲಿ ಮೊಬೈಲ್ ರಿಪೇರಿ,
ಸಿಸ್ಟರುಗಳಿದ್ದ ಮನೆಯ ಕಿಟಕಿಗೆ ಪ್ಲೈವುಡ್ ಹೊಡೆದಾಗಿದೆ.
ಶಿಲುಬೆ ಗುರುತು ಹಾಕಬಲ್ಲ ಮಕ್ಕಳು ಒಂಬತ್ತು.
ಮಿಕ್ಕವರು ಬ್ಯಾಪ್ಟಿಸ್ಟರು, ಯಾವುದೂ ಅಲ್ಲದವರು,
ತಲೆವಸ್ತ್ರ ಕಟ್ಟಿದ ಇಬ್ಬರು ಸೊಮಾಲಿ ಹುಡುಗಿಯರು
(ಅದಕ್ಕೆ ಅನುಮತಿ ಪತ್ರ ಉಂಟು, ನಾನೇ ಟೈಪ್ ಮಾಡಿದ್ದು).
ಎಲ್ಲ ಬದಲಾಯಿತು,
ಕೈಪಿಡಿಯ ಹತ್ತೊಂಬತ್ತನೆಯ ಪುಟವೊಂದು ಬಿಟ್ಟು.

ಅಕ್ಟೋಬರಿನ ಸೋಮವಾರ. ಟೆವಿನ್ ಪೆಟವೇ, ಒಂಬತ್ತು ವರ್ಷ,
ತಲೆತುಂಬ ನೇಗಿಲ ಸಾಲಿನಂತೆ ಬಿಗಿದ ಹನ್ನೊಂದು ಜಡೆ.
"ಅಳೆಯಿರಿ, ಮಿಸೆಸ್ ಪಾವ್ಲಾಕ್," ಅಂದರು
ಓಟದ ಬೂಟು ತೊಟ್ಟ ಹೊಸ ಪ್ರಿನ್ಸಿಪಾಲರು.
ಜಡೆಯನ್ನು ಹೇಗೆ ಅಳೆಯುವುದು?
ಹೆಣೆದಂತೆಯೋ? ಬಿಚ್ಚಿ, ಎಳೆದೋ?
ಕೂದಲೆಳೆಯಲ್ಲಿ ಪಾರು, ಅಂದೆ ನಾನು.
ಹೆಣೆದದ್ದೇ ತಪ್ಪು, ಅಂದರು ಅವರು, ಪುಟ ತಿರುವಿ.

ತಾಯಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಳು,
ರಾತ್ರಿಪಾಳಿ ಮುಗಿಸಿ. ಕೂಗಾಡಲಿಲ್ಲ.
"ನಾಲ್ಕು ಗಂಟೆ ಕೂತಿದ್ದ ನನ್ನ ಮಂಡಿಗಳ ನಡುವೆ.
ವಾರದಲ್ಲಿ ಇವನು ನನ್ನ ಕೈಗೆ ಸಿಗುವುದು
ಅದೊಂದೇ ಹೊತ್ತು."
ಕಾಗದಕ್ಕೆ ಸಹಿ ಹಾಕಿದಳು. ಪೆನ್ನಿಗೆ ಎಣ್ಣೆ ಮೆತ್ತಿಕೊಂಡಿತು.
ಹುಡುಗ ನೆಲದ ಚೌಕಗಳನ್ನು ಎಣಿಸುತ್ತಿದ್ದ.
ಜುಟ್ಟು ನಮ್ಮ ಕೈಯಲ್ಲಿತ್ತು,
ಗಾದೆಯಲ್ಲಿ ಅಲ್ಲ.

ಬುಧವಾರ ಬಸ್ಸು ಹಿಡಿದು
ವಯಸ್ಸಾದ ಸಿಸ್ಟರುಗಳ ಮನೆಗೆ ಹೋದೆ.
ಲುಡ್ಮಿಲಾ ಮುಸುಕಿಲ್ಲದೆ ಕೂತಿದ್ದರು. ಐವತ್ತು ವರ್ಷದ ಪರಿಚಯ,
ಅವರ ತಲೆ ನೋಡಿದ್ದು ಅದೇ ಮೊದಲು:
ಹತ್ತಿಬೀಜಕ್ಕೆ ಅಂಟಿ ಉಳಿದಷ್ಟು ಬಿಳಿ.
ನಡೆದದ್ದು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

"ಹತ್ತೊಂಬತ್ತಕ್ಕೆ ನನ್ನದು ಕತ್ತರಿಸಿದರು.
ಸೊಂಟ ದಾಟುತ್ತಿತ್ತು. ಒಪ್ಪಿಯೇ ಕೂತದ್ದು, ಅಳಲಿಲ್ಲ.
ಅಮ್ಮ ಹಿಂಬಾಗಿಲಿಗೆ ಬಂದು
ಜಡೆಯನ್ನಾದರೂ ಕೊಡಿ ಅಂದಳಂತೆ.
ಕೊಡುವ ನಿಯಮವಿಲ್ಲ ಅಂದರಂತೆ.
ಒಲೆಗೆ ಹಾಕಿದ ವಾಸನೆ ಮಹಡಿಗೂ ಬಂತು."

ಕಂಬಳಿಯ ಅಂಚನ್ನು ಮೂರೆಳೆ ಮಾಡಿ ಹೆಣೆಯತೊಡಗಿದರು.

"ಹುಡುಗರ ಕತ್ತು ಬಾಗಿಸಿ ಅಳೆಯುವಾಗ
ನನಗೊಂಥರ ಸಮಾಧಾನ ಆಗುತ್ತಿತ್ತು, ಡನೂಟಾ.
ಯಾವ ಪಾದ್ರಿಗೂ ಅದನ್ನು ಹೇಳಿಲ್ಲ."

ಟೆವಿನ್ ಮತ್ತೆ ಬರಲಿಲ್ಲ. ಅರವತ್ತು.
ಮಾರ್ಚಿಯಲ್ಲಿ ಪುಟ ತಿದ್ದಿದರು: ಜಡೆ ಆಗಬಹುದು, ಅಚ್ಚುಕಟ್ಟಾಗಿದ್ದರೆ.
ಏಪ್ರಿಲಿನಲ್ಲಿ ಬಿಷಪರ ಪತ್ರ: ಜೂನಿಗೆ ಬಾಗಿಲು.
ತಿದ್ದಿದ ಕೈಪಿಡಿ ಇನ್ನೂರು ಪ್ರತಿ ಅಚ್ಚಾಗಿ ಬಂದಿದ್ದವು,
ಕಟ್ಟು ಬಿಚ್ಚಲಿಲ್ಲ.

ಬೆಂಚುಗಳಿಗೆ ಚೀಟಿ ಹಚ್ಚಿದ್ದಾರೆ, ಗಂಟೆಗೂ ಹಚ್ಚಿದ್ದಾರೆ,
ಮೇರಿಯಮ್ಮನನ್ನು ಗುಳ್ಳೆ ಕಾಗದದಲ್ಲಿ ಸುತ್ತಿ
ಕಾರಿಡಾರಿನಲ್ಲಿ ಮಲಗಿಸಿದ್ದಾರೆ.
ಅಳತೆಗೋಲಿಗೆ ಯಾರೂ ಬೆಲೆ ಕಟ್ಟಿಲ್ಲ.

ಇವತ್ತು ಎಲ್ಲರೂ ಹೋದ ಮೇಲೆ
ಅದನ್ನು ನನ್ನದೇ ಕತ್ತಿನ ಹಿಂದೆ ಹಿಡಿದುಕೊಂಡೆ.
ತಣ್ಣಗಿತ್ತು.
ಎಷ್ಟೆಂದು ನನಗೆ ಕಾಣಲಿಲ್ಲ.
ಓದಲು ಬೆನ್ನ ಹಿಂದೆ
ಇನ್ನೊಬ್ಬರು ನಿಂತಿರಬೇಕು.